ಗೂಡು ಒಲ್ಲದ ಮರಳಿ

ನಾಯಿ ಬಾಲ ಡೊಂಕು ಎಂದು ನಮ್ಮ ಹಿರಿಯರು ಹೇಳಿದ್ದು ಊರಿನ ನಾಯಿಗಳನ್ನು ನೋಡಿ. ನಮ್ಮ ಮನೆಯ ನಾಯಿಯ ಬಾಲ ನೆಟ್ಟಗೇ ಇದೆ. ಡೊಂಕಾಗಿರುವುದು ಅದರ ಗೂಡಿನ ಬಾಗಿಲು. ಶುಕ್ರವಾರದ ಸಂತೆಯಿಂದ, ಅಂದರೆ ಅಲ್‌ರಾಯ್‌ನ ಸೂಕ್ ಅಲ್‌ಜುಮಾದಿಂದ, ಚೌಕಾಶಿ ಮಾಡಿ ತಂದ ಗಟ್ಟಿ ಕಬ್ಬಿಣದ ಸರಳಿನ ಗೂಡು ಅದು. ಅಂಗಡಿಯವನು ಬಾಗಿಲನ್ನು ನಾಲ್ಕು ಸಲ ಅಲ್ಲಾಡಿಸಿ ತೋರಿಸಿ, ‘ಹುಲಿ ಕೂಡ ಹೊರಗೆ ಬರುವುದಿಲ್ಲ’ ಎಂದಿದ್ದ. ಹುಲಿಯ ವಿಷಯ ನನಗೆ ತಿಳಿಯದು. ಮರಳಿ ಮೂರನೆಯ ದಿನವೇ ಹೊರಗಿದ್ದಳು.

ಮರಳಿ ಎಂಬ ಹೆಸರು ಮಗಳದು. ಇಲ್ಲಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಕುವೈತಿನ ಜನ ಮರಳುಗಾಡಿನಲ್ಲಿ ಡೇರೆ ಹಾಕಿ ಕುಟುಂಬ ಸಮೇತ ವಾಸ ಮಾಡುವುದು ನಿಮಗೆಲ್ಲ ಗೊತ್ತು. ಮಾರ್ಚಿನಲ್ಲಿ ಡೇರೆಗಳು ಎದ್ದುಹೋದ ಮೇಲೆ ಅವುಗಳ ಸುತ್ತ ಎಂಜಲು ತಿಂದು ಬೆಳೆದ ನಾಯಿಮರಿಗಳು ಅಲ್ಲೇ ಉಳಿಯುತ್ತವೆ. ಮುತ್ಲಾದ ಕಡೆ ಹೋಗಿದ್ದಾಗ ಅಂಥದೊಂದು ನಮ್ಮ ಕಾರಿನ ನೆರಳಿನಲ್ಲಿ ಬಂದು ಮಲಗಿತು. ಮರಳಿನ ಬಣ್ಣ, ಮರಳಿನಲ್ಲೇ ಸಿಕ್ಕಿದ್ದು, ಓಡಿಸಿದರೂ ಮರಳಿ ಬರುವುದು. ಹೆಸರು ಹುಡುಕಲು ಕಷ್ಟವಾಗಲಿಲ್ಲ. ನಾನು ‘ಅದು’ ಎಂದರೆ ಮಗಳು ‘ಅಪ್ಪಾ, ಅವಳು’ ಎಂದು ತಿದ್ದುತ್ತಾಳೆ. ಆದ್ದರಿಂದ ಇಲ್ಲಿಯೂ ಅವಳು.

ಉದ್ದ ಕಾಲು, ಸಣ್ಣ ಸೊಂಟ, ಚೂಪು ಮುಖ ನೋಡಿ ಬಾಗಲಕೋಟೆಯ ಕಡೆಯ ಗೆಳೆಯರೊಬ್ಬರು ‘ಇದು ನಮ್ಮ ಮುಧೋಳದ್ದೇ ಬಿಡ್ರೀ’ ಎಂದುಬಿಟ್ಟರು. ಅವರ ಅಭಿಮಾನ ಪೂರ್ತಿ ತಪ್ಪಲ್ಲ. ಇಲ್ಲಿಯ ಬೆದೂಯಿನರು ಮೊಲ, ಜಿಂಕೆಗಳ ಬೇಟೆಗೆ ಸಾಕುತ್ತಿದ್ದ ಸಲೂಕಿ ನಾಯಿಯ ರಕ್ತ ಇವಳಲ್ಲಿ ಸ್ವಲ್ಪ ಇದೆಯೆಂದು ಪಶುವೈದ್ಯರ ಊಹೆ. ಮುಧೋಳದ ಬೇಟೆನಾಯಿಗಳ ಮೂಲವೂ ಈ ಸಲೂಕಿಗಳ ಕಡೆಗೇ ಹೋಗುತ್ತದೆಂದು ಹೇಳುವುದುಂಟು. 2005ರಲ್ಲಿ ಭಾರತದ ಅಂಚೆ ಇಲಾಖೆ ಮುಧೋಳ ನಾಯಿಯ ಚೀಟಿ ಹೊರಡಿಸಿದಾಗ ಆ ಗೆಳೆಯರು ಒಂದು ಕವರನ್ನೇ ಜೋಪಾನ ಮಾಡಿಟ್ಟಿದ್ದಾರೆ. ಬೆದೂಯಿನರು ಬೇರೆ ನಾಯಿಯನ್ನು ಡೇರೆಯ ಹೊರಗಿಟ್ಟರೂ ಸಲೂಕಿಗೆ ಒಳಗೆ ಜಾಗ ಕೊಡುತ್ತಿದ್ದರಂತೆ. ನಮ್ಮ ಮರಳಿಗೆ ಈ ಸಂಗತಿ ಯಾರು ಹೇಳಿಕೊಟ್ಟರೋ, ಸೋಫಾ ತನ್ನದೇ ಎಂದು ತಿಳಿದಿದ್ದಾಳೆ.

ಗೂಡು ಎಂದರೆ ದಕ್ಷಿಣ ಕನ್ನಡದವನಾದ ನನಗೆ ಹೊಸದೇನಲ್ಲ. ನಮ್ಮ ಕಡೆ ತೋಟದ ಮನೆಗಳಲ್ಲಿ ಅಂಗಳದ ಮೂಲೆಗೊಂದು ನಾಯಿಗೂಡು ಇದ್ದೇ ಇರುತ್ತದೆ. ಹಗಲು ನಾಯಿ ಒಳಗೆ, ರಾತ್ರಿ ಅಡಿಕೆ ಕಾಯಲು ಹೊರಗೆ. ಆದರೆ ಆ ನಾಯಿಗೆ ಗೂಡಿನಿಂದಲೇ ಅಂಗಳ ಕಾಣುತ್ತದೆ, ಹಟ್ಟಿಯ ದನ ಕಾಣುತ್ತದೆ, ಜಗಲಿಯಲ್ಲಿ ಎಲೆ ಹಾಕುತ್ತ ಕುಳಿತ ಅಜ್ಜ ಕಾಣುತ್ತಾರೆ. ಸಾಲ್ಮಿಯಾದ ನಾಲ್ಕನೆಯ ಮಹಡಿಯಲ್ಲಿ ಏನು ಕಾಣಬೇಕು? ನಾನೂ ಹೆಂಡತಿಯೂ ಕೆಲಸಕ್ಕೆ, ಮಗಳು ಶಾಲೆಗೆ. ಮುಚ್ಚಿದ ಪರದೆ, ಏಸಿಯ ಗುಂಯ್ ಸದ್ದು.

ಮೊದಲು ಮೂಗಿನಿಂದ ಚಿಲಕ ಎತ್ತಿ ಹೊರಗೆ ಬಂದಳು. ಚಿಲಕಕ್ಕೆ ಕೊಕ್ಕೆ ಹಾಕಿದ ಮೇಲೆ ಬಾಗಿಲಿನ ಕೆಳಮೂಲೆಯನ್ನು ಒದ್ದು ಬಗ್ಗಿಸಿ ಬಂದಳು. ಆಮೇಲೆ ಅಡಿಯ ತಟ್ಟೆಯನ್ನೇ ಹೊರಗೆಳೆದಳು. ಬಂದವಳು ಸುಮ್ಮನಿರುತ್ತಾಳೆಯೇ? ಮುಂಬಾಗಿಲ ಬಳಿ ಕುಳಿತು ಊಳಿಡುವುದು. ಕೆಳಗಿನ ಮನೆಯವರು ಹಾರಿಸನಿಗೆ ಹೇಳಿದರು, ಹಾರಿಸ್ ನನಗೆ ಹೇಳಿದ. ಮುಂದಿನದು ಕಟ್ಟಡದ ಮಾಲೀಕರಿಗೆ ಹೋಗುತ್ತದೆ ಎಂದೂ ಸೂಚಿಸಿದ. ಪಕ್ಕದ ಮನೆಯ ಮಲಯಾಳಿ ಚೇಟ ಒಂದು ಹಿತ್ತಾಳೆ ಬೀಗವನ್ನೇ ತಂದು ಕೈಗಿತ್ತರು. ನಾನು ಒಪ್ಪಲಿಲ್ಲ. ಅವಳ ವಸಡಿನಲ್ಲಿ ಆಗಲೇ ರಕ್ತ ಕಂಡಿತ್ತು. ಬಾಗಿಲು ಗಟ್ಟಿಯಾದಷ್ಟೂ ಮುರಿಯುವುದು ಹಲ್ಲು ತಾನೇ? ಬೆಂಕಿಗಿಂಕಿ ಬಿದ್ದರೆ ಬೀಗದ ಕೈ ಹುಡುಕುವವರು ಯಾರು?

ಅದರ ಬದಲು ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲಿಟ್ಟು ಚಿತ್ರೀಕರಿಸಿದೆವು. ಅದನ್ನು ನೋಡಿ ಹೆಂಡತಿ ಕಣ್ಣೊರೆಸಿಕೊಂಡಳು. ಲಿಫ್ಟಿನ ಸದ್ದು ಕೇಳುವವರೆಗೂ ಮರಳಿ ಕಿವಿ ನಿಮಿರಿಸಿ ನಿಂತಿದ್ದಾಳೆ. ಲಿಫ್ಟು ಇಳಿದ ಕೂಡಲೇ ಏದುಸಿರು, ಜೊಲ್ಲು, ಗಿರಗಿರ ತಿರುಗುವುದು, ನಂತರ ಸರಳಿಗೆ ಬಾಯಿ. ಎದುರಿಗಿಟ್ಟ ಕೋಳಿಯ ತುಂಡನ್ನು ಮೂಸಿಯೂ ನೋಡಿಲ್ಲ. ಪಶುವೈದ್ಯರು ಎರಡು ನಿಮಿಷ ನೋಡಿ, ‘ಇದು ತುಂಟತನವಲ್ಲ, ಗಾಬರಿ’ ಎಂದರು. ನಾವು ಮನೆಯಲ್ಲಿದ್ದಾಗ ಅದೇ ಗೂಡಿನಲ್ಲಿ ಬಾಗಿಲು ಹಾಕಿದರೂ ನಿದ್ದೆ ಮಾಡುತ್ತಾಳೆಯೇ ಎಂದು ಕೇಳಿದರು. ಮಾಡುತ್ತಾಳೆ, ಗೊರಕೆ ಸಹಿತ! ಹಾಗಾದರೆ ಅವಳ ಜಗಳ ಗೂಡಿನ ಮೇಲಲ್ಲ, ಒಂಟಿತನದ ಮೇಲೆ. ಗದರಿಸಿದರೆ ಹೆಚ್ಚುತ್ತದೆ, ಶಿಕ್ಷೆಗೆಂದು ಗೂಡಿಗೆ ಹಾಕುವುದಂತೂ ಬೇಡವೇ ಬೇಡ, ಕೊರಳಪಟ್ಟಿ ಸರಳಿಗೆ ಸಿಕ್ಕಿಕೊಂಡರೆ ಅಪಾಯ, ಅದನ್ನು ಬಿಚ್ಚಿಯೇ ಒಳಗೆ ಬಿಡಿ ಎಂದರು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಕಾರಣವಿದೆ. ಬರುವ ಡಿಸೆಂಬರಿನಲ್ಲಿ ನಾವು ಕುವೈತ್ ಬಿಟ್ಟು ಊರಿಗೆ ಹೋಗುವವರು. ಮರಳಿ ವಿಮಾನ ಹತ್ತಬೇಕಾದರೆ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಒಬ್ಬಳೇ ಇರಲೇಬೇಕು. ಐಯಾಟಾದ ನಿಯಮದಂತೆ ನಾಯಿ ತಲೆ ತಾಗದೆ ನಿಲ್ಲುವಷ್ಟು, ಸುತ್ತ ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ದೊಡ್ಡ ಗಟ್ಟಿ ಪೆಟ್ಟಿಗೆ ಬೇಕು. ನಮ್ಮ ಸರಳಿನ ಗೂಡು ನಡೆಯುವುದಿಲ್ಲ. ಮತ್ತು ಬರಿಸುವ ಔಷಧ ಕೊಟ್ಟು ಮಲಗಿಸುವುದೂ ಸಲ್ಲದು, ಆಕಾಶದಲ್ಲಿ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ತೊಂದರೆ. ಬೇಸಿಗೆಯ ಸೆಖೆಯಲ್ಲಿ ಹಲವು ವಿಮಾನ ಸಂಸ್ಥೆಗಳು ನಾಯಿಗಳನ್ನು ಒಯ್ಯುವುದಿಲ್ಲವಾದ್ದರಿಂದಲೇ ಡಿಸೆಂಬರ್. ಭಾರತದ ಕಡೆಯಿಂದ ಪ್ರಾಣಿ ಸಂಗರೋಧ ಇಲಾಖೆಯ ಒಪ್ಪಿಗೆ ಪತ್ರವೂ ಬೇಕು. ಆ ಕಚೇರಿ ಬೆಂಗಳೂರಿನಲ್ಲೂ ಇರುವುದು ನಮ್ಮ ಪುಣ್ಯ. ಕಾಗದಗಳೆಲ್ಲ ಸರಿಯಿದ್ದು ನಾಯಿ ಪೆಟ್ಟಿಗೆ ಮುರಿದರೆ ಕೌಂಟರಿನಲ್ಲೇ ತಿರಸ್ಕಾರ.

‘ಸಿಕ್ಕಿದಲ್ಲೇ ಬಿಟ್ಟುಬನ್ನಿ, ಅಲ್ಲಿಯದೇ ಪ್ರಾಣಿಯಲ್ಲವೇ’ ಎಂದವರಿದ್ದಾರೆ. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಬಿಸಿ ದಾಖಲಾಗಿದೆ. ಮೊಸರನ್ನ ತಿಂದು ಏಸಿಯ ಕೆಳಗೆ ಬೆಳೆದವಳನ್ನು ಅಲ್ಲಿ ಇಳಿಸಿ ಕಾರು ತಿರುಗಿಸುವುದು ನನ್ನಿಂದಾಗದ ಕೆಲಸ. ಇನ್ನೊಬ್ಬ ಹಿತೈಷಿಗಳು ‘ಒಂದು ನಾಯಿಗೆ ಇಷ್ಟು ಖರ್ಚೇ?’ ಎಂದು ಕೇಳಿದಾಗ ಅವರಿಗೆ ಆತಕೂರಿನ ಶಾಸನದ ಕತೆ ಹೇಳಿದೆ. ಹತ್ತನೆಯ ಶತಮಾನದ ಮಾತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯ ಮೆಚ್ಚಿ ಬೇಕಾದ್ದು ಕೇಳು ಎಂದರೆ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತಾಗ, ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಹಿತೈಷಿಗಳು ‘ನಿಮ್ಮದು ಯಾವ ಹಂದಿ ಹಿಡಿದಿದೆ?’ ಎಂದರು. ಅದೂ ಸರಿಯೇ.

ಈಗ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಬಂದಿದೆ. ಮೊದಲ ಎರಡು ವಾರ ಅದರ ಬಾಗಿಲನ್ನೇ ಕಳಚಿಟ್ಟು, ಊಟವನ್ನೆಲ್ಲ ಅದರೊಳಗೇ ಕೊಟ್ಟೆವು. ಹೆಂಡತಿಯ ಹಳೆಯ ಸೀರೆ ಹಾಸಿಗೆ. ಕಾರಿನ ಬೀಗದ ಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಸೋಫಾದಲ್ಲಿ ಕೂರುವುದು, ಚಪ್ಪಲಿ ಹಾಕಿಕೊಂಡು ಅಡಿಗೆಮನೆಗೆ ಹೋಗುವುದು: ಇದು ನನ್ನ ಸಾಯಂಕಾಲದ ವ್ಯಾಯಾಮ. ಹೊರಟ ಸೂಚನೆಗಳಿಗೆಲ್ಲ ಅರ್ಥವಿಲ್ಲ ಎಂದು ಅವಳಿಗೆ ತಿಳಿಯಬೇಕಂತೆ. ನೋಡಿದ ಹಾರಿಸ್ ನನಗೇ ಏನೋ ಆಗಿದೆ ಎಂದುಕೊಂಡ. ಆಮೇಲೆ ಬಾಗಿಲು ಹಾಕಿ ಹೊರಗೆ ಹತ್ತು ಸೆಕೆಂಡು, ಅರ್ಧ ನಿಮಿಷ, ಒಂದು ನಿಮಿಷ. ಗಾಬರಿಯಾಗುವ ಮೊದಲೇ ಒಳಗೆ ಬರಬೇಕು, ಬಂದರೂ ಮುದ್ದುಮಾಡಬಾರದು; ಇದು ಮಗಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಟೊಳ್ಳು ರಬ್ಬರ್ ಆಟಿಕೆಯಲ್ಲಿ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತಾಳೆ. ಒಗ್ಗರಣೆ, ಈರುಳ್ಳಿ ಇಲ್ಲದ ಸಪ್ಪೆ ಮೊಸರನ್ನ. ಈರುಳ್ಳಿ ನಾಯಿಗೆ ವಿಷ. ಬೆಳಿಗ್ಗೆ ನಾಲ್ಕೂವರೆಗೆ, ಡಾಂಬರು ತಣ್ಣಗಿರುವಾಗಲೇ, ಒಂದು ಗಂಟೆ ನಡೆಸಿ ದಣಿಸುತ್ತೇನೆ. ನಾವು ಕೆಲಸಕ್ಕೆ ಹೋದಾಗ ಒಂಟಿಯಾಗಿ ಬಿಟ್ಟರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ ಎಂದು ವೈದ್ಯರು ಎಚ್ಚರಿಸಿದ್ದರಿಂದ, ಕೂಟದ ಇಬ್ಬರು ಅಕ್ಕಂದಿರು ಸರದಿಯ ಮೇಲೆ ಹಗಲು ಅವಳನ್ನು ತಮ್ಮ ಮನೆಯಲ್ಲಿ ಇರಿಸಿಕೊಂಡರು. ಅವರ ಋಣ ದೊಡ್ಡದು.

ಹತ್ತು ನಿಮಿಷಕ್ಕೆ ಮುಟ್ಟಲು ಒಂದೂವರೆ ತಿಂಗಳು ಹಿಡಿಯಿತು. ನಡುವೆ ಒಂದು ಧೂಳಿನ ಬಿರುಗಾಳಿಯ ದಿನ ಹೆದರಿ, ಮತ್ತೆ ಅರ್ಧ ನಿಮಿಷದಿಂದ ಶುರು. ಕಳೆದ ಶುಕ್ರವಾರ ಎರಡು ಗಂಟೆ ಹತ್ತು ನಿಮಿಷ ಇದ್ದಳು. ನಾವು ಮೂವರೂ ಕೆಳಗಿನ ಬಕಾಲಾದ ಎದುರು ಕಾರಿನಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಿದ್ದೆವು. ಒಮ್ಮೆ ಎದ್ದಳು, ತಿರುಗಿದಳು, ಸೀರೆಯನ್ನು ಕೆರೆದು ಗುಡ್ಡೆ ಮಾಡಿಕೊಂಡು ಮಲಗಿದಳು. ‘ಇವ್ರೇ, ಉಸಿರಾಡ್ತಿದ್ದಾಳೆ ತಾನೇ?’ ಎಂದು ಹೆಂಡತಿ ಮೂರು ಸಲ ಕೇಳಿದಳು. ಪ್ರಯಾಣಕ್ಕೆ ಇದರ ನಾಲ್ಕೈದು ಪಟ್ಟು ಬೇಕು. ಇನ್ನೂ ಸಮಯವಿದೆ.

ಸರಳಿನ ಹಳೆಯ ಗೂಡು ನಮ್ಮ ಬಾಲ್ಕನಿಯಲ್ಲಿದೆ. ಯಾರಿಗಾದರೂ ಬೇಕಿದ್ದರೆ ಉಚಿತವಾಗಿ ಒಯ್ಯಬಹುದು. ಬಾಗಿಲಿನ ಎಡಮೂಲೆ ಬಗ್ಗಿದೆ, ಬೆಕ್ಕಿಗೆ ಸಾಕಾದೀತು.