ಓಮಿ ಸೀಮೆಯ ಬಾಡು

ಜಪಾನಿನ ಶಿಗಾ, ಹಳೆಯ ಹೆಸರು ಓಮಿ. ಅಲ್ಲಿನ ಹಳ್ಳಿ ಹೋಟೆಲೊಂದರಲ್ಲಿ ಕೂತು ನಾವು ಮೂವರು ಓಮಿ ದನದ ಬಾಡು ತಿಂದೆವು. ಕಬ್ಬಿಣದ ಬಾಣಲೆಯಲ್ಲಿ ಸೋಯಾ ಸಾಸು, ಸಕ್ಕರೆ. ಅದರೊಳಗೆ ಬಿಳಿ ಕೊಬ್ಬು ಬಲೆ ಹೆಣೆದಂತಿರೋ ತೆಳ್ಳನೆ ತುಂಡು. ಹಸಿ ಮೊಟ್ಟೆಗೆ ಅದ್ದಿ ಬಾಯಿಗಿಟ್ಟರೆ ಬೆಣ್ಣೆಯಂಗೆ ಕರಗಿತು. ಅವ್ವನ ಕೊರಬಾಡು ಅಗಿದ ಹಲ್ಲುಗಳಿಗೆ ಇಲ್ಲಿ ಕೆಲಸವೇ ಇಲ್ಲ!

ಹೋಟೆಲಿನ ಅಜ್ಜಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಬಾಗಿ ಇಟ್ಟರು. ನಮಗೆ ಕಕ್ಕಾಬಿಕ್ಕಿ. ಹಾಸ್ಟೆಲಿನಲ್ಲಿ ಬಾಗಿಲು ಹಾಕಿಕೊಂಡು ಬಾಡಿನ ಬುತ್ತಿ ಬಿಚ್ಚಿದವರು ನಾವು.

ಬುದ್ಧನ ಹೆಸರಲ್ಲಿ ಈ ದೇಶದಲ್ಲೂ ಶತಮಾನಗಳ ಕಾಲ ದನದ ಮಾಂಸ ನಿಷಿದ್ಧವಾಗಿತ್ತು. ಆದರೂ ಹಿಕೋನೆಯ ದೊರೆಗಳು ಇದೇ ಬಾಡನ್ನು ಮಿಸೊದಲ್ಲಿ ನೆನೆಹಾಕಿ, ಔಷಧಿ ಅಂತ ಶೋಗನ್‌ಗೆ ಕಳಿಸ್ತಿದ್ದರು. ದೊರೆ ತಿಂದರೆ ಔಷಧಿ! ಸತ್ತ ದನ ಎಳೆದವರು, ಚರ್ಮ ಹದ ಮಾಡಿದವರು ಮಾತ್ರ 'ಎತಾ', ಅಂದರೆ ಹೊಲಸು ತುಂಬಿದವರು. 1871ರಲ್ಲಿ ಸರ್ಕಾರ ಆ ಹೆಸರನ್ನು ರದ್ದು ಮಾಡಿತು. 1872ರಲ್ಲಿ ಚಕ್ರವರ್ತಿಯೇ ದನದ ಬಾಡು ತಿಂದ. ಬಾಡಿನ ಮೈಲಿಗೆ ಹೋಯಿತು, ಕೊಯ್ದವರ ಮೈಲಿಗೆ ಹೋಗಲಿಲ್ಲ. 1922ರಲ್ಲಿ ಅವರೇ ಕ್ಯೋಟೊದಲ್ಲಿ ಸೇರಿ ಸುಯಿಹೇಶಾ ಸಂಘ ಕಟ್ಟಬೇಕಾಯಿತು.

ಈ ದನ ಕೊಯ್ದವರು ಯಾರಜ್ಜೀ ಅಂತ ಕೇಳಬೇಕೆನಿಸಿತು. ಭಾಷೆ ಬರಲಿಲ್ಲ. ಬಾಣಲೆಯ ತಳದ ರಸಕ್ಕೆ ಅನ್ನ ಕಲಸಿ ಉಂಡೆವು.