ಸಂಜೆಗತ್ತಲು, ತಾಯಿ ಚಿರತೆ ಮತ್ತು ಕ್ಯಾಮೆರಾ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ನಿಪ್ಪಾಣಿಯ ಕಡೆಗೆ ಸಾಗುವಾಗ ಸಿಗುವ ಕಣಗಲಾ, ಕಬ್ಬಿನ ಸೀಮೆಯ ಒಂದು ಗ್ರಾಮ. ಈ ಭಾಗದ ಜನರಿಗೆ ಚಿರತೆಯೆಂದೊಡನೆ ಮೊದಲು ಉಂಟಾಗುವುದು ಭಯ. 2022ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆಯೊಂದು ಸುಳಿದಾಡಿದ ಮಾತ್ರಕ್ಕೆ ಸುತ್ತಲಿನ ಶಾಲೆಗಳಿಗೆ ರಜೆ ಸಾರಲಾಯಿತು; ಅದನ್ನು ಹುಡುಕಲು ಸಕ್ರೆಬೈಲಿನಿಂದ ಆನೆಗಳೇ ಬಂದವು. ಅದೇ ಪ್ರಾಣಿಯನ್ನು ಅದರ ಮರಿಗಳೊಡನೆ ಒಮ್ಮೆ ಚಿತ್ರದಲ್ಲಿ ಹಿಡಿಯಬೇಕೆಂದು ವರ್ಷಗಟ್ಟಲೆ ಕಾಯುವವರೂ ನಾಡಿನಲ್ಲಿ ಉಂಟು.

ಕಾಯುವುದೇನೋ ಸರಿ, ಆದರೆ ಚಿರತೆ ಹೊರಬೀಳುವುದು ಬೆಳಕು ಹೊರಡುವ ಹೊತ್ತಿಗೆ. ಸೂರ್ಯ ಮುಳುಗಿದ ಮೇಲೆ ನಿಮಿಷ ನಿಮಿಷಕ್ಕೂ ಬೆಳಕು ಕುಗ್ಗುತ್ತದೆ. ಮಸೂರದ ಕಿಂಡಿಯನ್ನು ಪೂರ್ತಿ ತೆರೆದರೆ ಬೆಳಕು ಹೆಚ್ಚು ದೊರೆಯುತ್ತದೆ, ನಿಜ. ಆಗ ತಾಯಿಯ ಕಣ್ಣು ಸ್ಪಷ್ಟವಾದರೆ ಎರಡಡಿ ಹಿಂದಿರುವ ಮರಿ ಮಂಜಾಗುತ್ತದೆ. ತಾಯಿ ಕಲ್ಲಿನಂತೆ ಕುಳಿತಿದ್ದರೂ ಮರಿಗಳು ಅದರ ಬಾಲ ಹಿಡಿದು ಜಗ್ಗುವುದನ್ನು ಬಿಡಲಾರವು. ಸೆಕೆಂಡಿನ ಅರುವತ್ತನೇ ಒಂದು ಭಾಗ ತಾಯಿಗೆ ಸಾಕು, ಮರಿಗೆ ಸಾಲದು. ಇನ್ನೂರೈವತ್ತನೇ ಒಂದು ಭಾಗಕ್ಕೆ ಇಳಿದರೆ ಚಿತ್ರವೇ ಕಪ್ಪಿಡುತ್ತದೆ. ಫಿಲ್ಮಿನ ಕಾಲದಲ್ಲಿ ಇಲ್ಲಿಗೆ ಕೈಚೆಲ್ಲಬೇಕಾಗುತ್ತಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾಗಳು ಆ ಗಡಿಯನ್ನು ಬಹುದೂರ ಸರಿಸಿವೆ. ಕ್ಯಾಮೆರಾದ ಅಳತೆಗೋಲು ಮಾತ್ರ ಇಂದಿಗೂ ಸಂಜೆಯನ್ನು ಹಗಲಾಗಿಸಲು ಹೊರಡುತ್ತದೆ. ಅದರ ಮಾತು ಕೇಳದೆ ಒಂದು ಹಂತ ಬೆಳಕನ್ನು ತಗ್ಗಿಸಿದವನಿಗೇ ಸಂಜೆ ಸಂಜೆಯಾಗಿ ದಕ್ಕುವುದು. ನಾಡಿನ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳನ್ನು ಕಪ್ಪು ಬಿಳುಪಿನಲ್ಲೇ ಒಲಿಸಿಕೊಂಡವರು. ನೆರಳಿಗೂ ಚಿತ್ರದಲ್ಲಿ ಪಾಲಿದೆಯೆಂಬುದಕ್ಕೆ ಅವರ ಕೃತಿಗಳಿಗಿಂತ ಬೇರೆ ಸಾಕ್ಷಿ ಬೇಡ.

ಫ್ಲ್ಯಾಶ್ ಹಾಕಬಾರದೇ ಎಂದು ಕೇಳುವವರುಂಟು. ಇರುಳಿಗೆ ಹೊಂದಿಕೊಂಡ ಆ ಕಣ್ಣುಗಳಿಗೆ ಅದು ಸಿಡಿಲು. ಮೂರು ತಿಂಗಳಷ್ಟು ಹೊತ್ತು ಹೆತ್ತ ಎರಡು ಮೂರು ಮರಿಗಳನ್ನು ತಾಯಿ ಒಂಟಿಯಾಗಿಯೇ ಸಾಕಬೇಕು. ಹೆಚ್ಚುಕಡಿಮೆ ಒಂದೂವರೆ ವರ್ಷ ಅವು ಅದರ ಬೆನ್ನು ಬಿಡವು. ಬೆದರಿದ ತಾಯಿ ಎಳೆಯ ಮರಿಗಳನ್ನು ಕಚ್ಚಿಕೊಂಡು ಬೇರೆ ನೆಲೆಗೆ ಒಯ್ಯುತ್ತದೆ. ಆ ದಾರಿಯಲ್ಲಿ ನಾಯಿಗಳುಂಟು, ರಸ್ತೆಗಳುಂಟು. ಚಿತ್ರವೊಂದಕ್ಕೆ ಅಷ್ಟು ಬೆಲೆ ತೆರುವುದು ನ್ಯಾಯವೇ?

ಚಿರತೆ ದಟ್ಟ ಕಾಡಿನ ಪ್ರಾಣಿಯೆಂದೇ ನಂಬಿದವರು ಮಹಾರಾಷ್ಟ್ರದ ಅಕೋಲೆಯ ಸಂಗತಿಯನ್ನು ತಿಳಿಯಬೇಕು. ಡಾ. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅಲ್ಲಿಯ ನೀರಾವರಿ ಹೊಲಗಳ ಹಾದಿಯಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ನೂರು ಚದರ ಕಿಲೋಮೀಟರಿಗೆ ಸುಮಾರು 4.8ರಂತೆ ಬೆಳೆದ ಚಿರತೆಗಳಿರುವುದನ್ನು 2013ರಲ್ಲಿ ಪ್ರಕಟಿಸಿದರು. ಕಬ್ಬಿನ ಮರೆಯೇ ಅವುಗಳ ಹಗಲಿನ ಮನೆ, ಹೆರಿಗೆಯ ಮನೆಯೂ ಅದೇ.

ಆದುದರಿಂದ ಕಟಾವಿನ ದಿನಗಳಲ್ಲಿ, ಕೊನೆಯ ಸಾಲುಗಳಿಗೆ ಕುಡುಗೋಲು ತಲುಪಿದಾಗ, ಬೆಕ್ಕಿನ ಮರಿಗಳಂತಹ ಕೂಸುಗಳು ಕಣ್ಣಿಗೆ ಬೀಳುತ್ತವೆ. ಕೂಡಲೇ ಜನ ನೆರೆಯುತ್ತದೆ. ಮರಿ ಕೈಯಿಂದ ಕೈಗೆ ಹೋಗುತ್ತದೆ, ಪ್ರತಿ ಕೈಯಲ್ಲೂ ಮೊಬೈಲು. ಇದೂ ಚಿರತೆಯ ಚಿತ್ರವೇ, ಆದರೆ ತಾಯಿಯಿಲ್ಲದ ಚಿತ್ರ. ಜುನ್ನರ ಭಾಗದಲ್ಲಿ ಅರಣ್ಯ ಇಲಾಖೆಯವರೂ ಪಶುವೈದ್ಯರೂ ರೂಢಿಸಿದ ಕ್ರಮ ಬೇರೆ. ಮರಿಗಳನ್ನು ಪರೀಕ್ಷಿಸಿ, ಸಂಜೆಯಾಗುತ್ತಲೇ ಸಿಕ್ಕಿದ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು, ಎದುರಿಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕ್ಯಾಮೆರಾವೊಂದನ್ನು ನಿಲ್ಲಿಸಿ, ಮನುಷ್ಯರೆಲ್ಲ ದೂರ ಸರಿಯುತ್ತಾರೆ. ಅದರಲ್ಲಿ ಮೂಡುವ ಚಿತ್ರಕ್ಕೆ ಬಣ್ಣವಿಲ್ಲ, ಸೊಬಗಿಲ್ಲ. ಬೂದುಬಣ್ಣದ ಹೊಲ, ಹೊಳೆಯುವ ಎರಡು ಕಣ್ಣು. ತಾಯಿ ಪೆಟ್ಟಿಗೆಯನ್ನು ಸುತ್ತಿ ಮೂಸುತ್ತದೆ, ಒಂದು ಮರಿಯ ಕತ್ತು ಹಿಡಿದೆತ್ತಿ ಕತ್ತಲಲ್ಲಿ ಮರೆಯಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದಕ್ಕಾಗಿ ಮರಳಿ ಬರುತ್ತದೆ.