ದನದ ಆಸ್ಪತ್ರೆಯಲ್ಲಿ ಒಂದು ತಿಂಗಳು

ಕಳೆದ ಬೇಸಗೆಯ ರಜೆಯನ್ನು ಎಲ್ಲಿ ಕಳೆದೆಯೆಂದು ಗೆಳೆಯರು ಕೇಳಿದಾಗ "ಆಸ್ಪತ್ರೆಯಲ್ಲಿ" ಎಂದೆ. ಪಾಪ, ಎಲ್ಲರೂ ಮರುಕದಿಂದ ನೋಡಿದರು. "ದನದ ಆಸ್ಪತ್ರೆ ಕಣ್ರಯ್ಯ" ಎಂದ ಮೇಲಂತೂ ಅವರ ನಗುವಿಗೆ ಪಾರವೇ ಇಲ್ಲದಾಯಿತು. ಬಿ.ಎ. ಓದುವವನಿಗೂ ದನದ ಆಸ್ಪತ್ರೆಗೂ ಏನು ನಂಟು?

ನಂಟು ಸರಳವಾದುದೇ. ನಮ್ಮ ಹೋಬಳಿಯ ಪಶು ಚಿಕಿತ್ಸಾಲಯದಲ್ಲಿ ವೈದ್ಯರು ಒಬ್ಬರು, ಸಹಾಯಕರು ಒಬ್ಬರು; ಸುತ್ತಲಿನ ಹಳ್ಳಿಗಳೋ ಬೇಕಾದಷ್ಟು. ರಿಜಿಸ್ಟರು ಬರೆಯುವುದಕ್ಕೆ, ಹಳ್ಳಿಗೆ ಹೊರಟಾಗ ಔಷಧದ ಪೆಟ್ಟಿಗೆ ಹಿಡಿಯುವುದಕ್ಕೆ ಒಂದು ಕೈ ಬೇಕಾಗಿತ್ತು. ಡೇರಿಗೆ ಹಾಲು ಹಾಕಿ ಬರುತ್ತಿದ್ದ ನಮ್ಮಪ್ಪನೊಡನೆ ವೈದ್ಯರು "ನಿನ್ನ ಮಗ ಸುಮ್ಮನಿದ್ದರೆ ಕಳಿಸಪ್ಪ" ಎಂದರಂತೆ. ಸಂಬಳವಿಲ್ಲ, ಮಧ್ಯಾಹ್ನದ ಊಟ ಅವರದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಈ ಓದಿನಿಂದ ಏನಾದರೊಂದು ಪ್ರಯೋಜನ ಕಣ್ಣಿಗೆ ಕಾಣಲಿ ಎಂಬ ಆಸೆ ಅಪ್ಪನಿಗೆ ಇದ್ದಿತೆಂದು ತೋರುತ್ತದೆ.

ರಿಜಿಸ್ಟರಿನಲ್ಲಿ ರೋಗಲಕ್ಷಣದ ಕಲಮು ಎರಡು ಬೆರಳಗಲದ್ದು. ಜನ ಹೇಳುವುದೋ ಪುಟಗಟ್ಟಲೆ. ಹಸುವನ್ನು ಯಾವ ಸಂತೆಯಲ್ಲಿ ಕೊಂಡದ್ದು, ಯಾರ ಕಣ್ಣು ತಾಗಿದ್ದು, ಇವೆಲ್ಲ ಮುಗಿದ ಮೇಲೆ ಕಾಯಿಲೆಯ ಮಾತು. ಹಿಂದಿನ ಪುಟಗಳಲ್ಲೆಲ್ಲ "ಆಹಾರ ಸೇವನೆ ಇಲ್ಲ" ಎಂಬ ಒಂದೇ ವಾಕ್ಯವಿತ್ತು. ವೈದ್ಯರು ಮೊದಲ ದಿನವೇ "ಅವರ ಬಾಯಲ್ಲಿ ಬಂದ ಮಾತನ್ನೇ ಬರಿ" ಎಂದು ಅಪ್ಪಣೆ ಮಾಡಿದರು. ಮೇವು ಬಿಟ್ಟಿದೆ ಎನ್ನುವುದು ಒಂದು. ಮೆಲುಕು ಬಿಟ್ಟಿದೆ ಎನ್ನುವುದು ಇನ್ನೊಂದು. ಮೇವು ಹಳಸಿದ್ದರೂ ಹಸು ಅದನ್ನು ಬಿಟ್ಟೀತು. ಆದರೆ ಮೆಲುಕು ನಿಂತಿತೆಂದರೆ ಹೊಟ್ಟೆಯೇ ಕೆಲಸ ನಿಲ್ಲಿಸಿದೆಯೋ ಎಂದು ನೋಡಬೇಕು. ಮೂತಿ ಒಣಗಿದೆ ಎಂದರೆ ಜ್ವರವಿರಬಹುದೆಂದು ಥರ್ಮಾಮೀಟರಿಗೆ ಕೈ ಹಾಕಬೇಕು. ಇವೆಲ್ಲ ನಾನು ತೊಟ್ಟಿಲಿನಿಂದ ಕೇಳಿದ ಮಾತುಗಳು. ಹಾಸ್ಟೆಲಿನಲ್ಲಿ ಮಾತ್ರ ನಾಲಗೆಯ ಅಡಿಯಲ್ಲಿ ಬಚ್ಚಿಟ್ಟುಕೊಂಡಿದ್ದೆ.

ಒಂದು ರಾತ್ರಿಯನ್ನು ಹೇಳಲೇಬೇಕು. ಎಂಟು ಗಂಟೆಯ ಸುಮಾರಿಗೆ ಮುದುಕಿಯೊಬ್ಬಳು ಮೊಮ್ಮಗನ ಸೈಕಲ್ಲಿನ ಹಿಂದೆ ಕುಳಿತು ಬಂದಳು. ಗಂಡನಿಲ್ಲ, ಗದ್ದೆಯಿಲ್ಲ, ಇರುವುದು ಒಂದೇ ಸೀಮೆಹಸು. "ನೆನ್ನೆ ಕರು ಹಾಕದೆ ಸ್ವಾಮಿ, ಈಗ ಬಿದ್ದುಬಿಟ್ಟದೆ, ಕತ್ತು ಪಕ್ಕೆಗೆ ತಿರುವಿಕೊಂಡದೆ, ಕಿವಿ ಐಸು ಇದ್ದಂಗದೆ" ಎಂದಳು. ವೈದ್ಯರು ಮತ್ತೇನನ್ನೂ ಕೇಳದೆ ಪೆಟ್ಟಿಗೆಗೆ ಕ್ಯಾಲ್ಸಿಯಂ ಬಾಟಲಿಗಳನ್ನು ತುಂಬಿದರು. ಇದಕ್ಕೆ ಹಾಲುಜ್ವರ ಎಂದು ಹೆಸರು. ಹೆಸರಿನಲ್ಲಿ ಜ್ವರ, ಮೈಯೋ ತಣ್ಣಗೆ! ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದೊಡನೆ ರಕ್ತದಲ್ಲಿದ್ದ ಕ್ಯಾಲ್ಸಿಯಂ ಕೆಚ್ಚಲಿಗೆ ಇಳಿದುಬಿಡುತ್ತದೆ. ಮಾಂಸಖಂಡಗಳು ಸೋತು ಹಸು ಬೀಳುತ್ತದೆ. ತಡವಾದರೆ ಪ್ರಾಣವೇ ಹೋದೀತು.

ಕೊಟ್ಟಿಗೆಯಲ್ಲಿ ನಾನು ಬಾಟಲಿಯನ್ನು ಎತ್ತಿ ಹಿಡಿದೆ. ವೈದ್ಯರು ಕತ್ತಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಇನ್ನೊಂದು ಕೈಯಿಂದ ಸ್ಟೆತಾಸ್ಕೋಪನ್ನು ಎದೆಗೆ ಒತ್ತಿಕೊಂಡು ಕುಳಿತರು. ಔಷಧ ಬೇಗ ಇಳಿದರೆ ಗುಂಡಿಗೆ ನಿಂತುಹೋಗುವ ಭಯ. ಆದ್ದರಿಂದ ಹನಿಹನಿಯಾಗಿಯೇ ಬಿಡಬೇಕು. ನನ್ನ ತೋಳು ಸೋತು ನಡುಗತೊಡಗಿತು. ಮುದುಕಿ ಮಾತಿಲ್ಲದೆ ಕರುವನ್ನು ತಬ್ಬಿಕೊಂಡು ಕುಳಿತಿದ್ದಳು. ಎರಡನೆಯ ಬಾಟಲಿ ಅರ್ಧವಾದಾಗ ಹಸು ಒಂದು ದೊಡ್ಡ ತೇಗು ತೇಗಿತು. ಆಮೇಲೆ ಸಗಣಿ ಹಾಕಿತು. "ಬದುಕಿತು" ಎಂದರು ವೈದ್ಯರು. ಸಗಣಿಯನ್ನು ಕಂಡು ಅಷ್ಟು ಹಿಗ್ಗಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಗಂಟೆಯೊಳಗೆ ಹಸು ಮುಂಗಾಲೂರಿ, ತೂರಾಡಿ ಎದ್ದು ನಿಂತಿತು. ಮುದುಕಿ ವೈದ್ಯರ ಕಾಲು ಮುಟ್ಟಲು ಬಂದಳು. ಅವರು ಹಿಂದಕ್ಕೆ ಸರಿದು, ನಾಳೆ ಕೆಚ್ಚಲನ್ನು ಪೂರ್ತಿ ಹಿಂಡಬೇಡವೆಂದು ಗದರಿದರು.

ಎಲ್ಲವೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ನಮ್ಮ ನಾಡಿನಲ್ಲಿ ಹರಡಿ ಜಾತ್ರೆ, ಸಂತೆಗಳು ನಿಂತಾಗ ನಮ್ಮ ಮನೆಯ ಎತ್ತು ಮೈತುಂಬ ಗಂಟೆದ್ದು ಹದಿನೈದು ದಿನ ನರಳಿ ಸತ್ತಿತು. ನೊಣ, ಸೊಳ್ಳೆ, ಉಣ್ಣೆಗಳಿಂದ ಹಬ್ಬುವ ರೋಗ ಅದು. ಆಗ ಹಾಕುತ್ತಿದ್ದುದು ಆಡಿನ ಸಿಡುಬಿನ ಲಸಿಕೆಯೆಂದು ವೈದ್ಯರಿಂದ ತಿಳಿದೆ. ಕಾಲುಬಾಯಿ ರೋಗದ ಲಸಿಕೆಗೆಂದು ಮನೆಮನೆಗೆ ಹೋದಾಗ "ಸೂಜಿ ಹಾಕಿದ್ರೆ ಹಾಲು ಕಮ್ಮಿಯಾಗ್ತದೆ" ಎಂದು ಬಾಗಿಲು ಹಾಕಿಕೊಂಡವರಿಗೆ ನಾನು ಆ ಎತ್ತಿನ ಕಥೆ ಹೇಳುತ್ತಿದ್ದೆ. ಎರಡು ದಿನ ಹಾಲು ತುಸು ಕಡಿಮೆಯಾಗುವುದುಂಟು, ಅದು ಸುಳ್ಳಲ್ಲ. ಬಡವರಿಗೆ ಆ ಒಂದು ಲೀಟರೂ ಲೆಕ್ಕವೇ. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ.

ತಿಂಗಳ ಕೊನೆಗೆ ಊರಿನವರು ನನ್ನನ್ನು "ದನದ ಡಾಕ್ಟ್ರು" ಎಂದು ಕರೆಯುವುದಕ್ಕೆ ತೊಡಗಿದ್ದರು. ಅಪ್ಪ ಒಂದು ರಾತ್ರಿ ಉಣ್ಣುತ್ತಾ "ಬಿ.ಎ. ಮುಗಿದ ಮೇಲೆ ಈ ಕೆಲಸ ಕೊಡ್ತಾರೇನೋ ಮಗ?" ಎಂದು ಕೇಳಿದರು. ಅದಕ್ಕೆ ಬೇರೆ ಓದು ಬೇಕು, ಪಿ.ಯು.ಸಿ.ಯಲ್ಲೇ ಜೀವಶಾಸ್ತ್ರ ಓದಿರಬೇಕು ಎಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದಲೂ ಅದರ ಕಾಲೇಜಿದೆ. ಆದರೆ ನಮ್ಮ ಮನೆಯವರೆಗೆ ಆ ಸುದ್ದಿ ತಂದವರು ಯಾರೂ ಇರಲಿಲ್ಲ. ಅಪ್ಪ ಮತ್ತೇನೂ ಕೇಳದೆ ಮುದ್ದೆ ಮುರಿದರು.

ಚಿಕ್ಕಪ್ಪನ ಮಗಳು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಈ ಸುದ್ದಿಯನ್ನು ಅವಳಿಗೆ ಮುಟ್ಟಿಸಿದ್ದೇನೆ. "ಸಗಣಿ ಬಾಚೋದು ಈಗ್ಲೇ ಸಾಕಾಗಿದೆ ಅಣ್ಣ, ಅದಕ್ಕೊಂದು ಡಿಗ್ರಿ ಬೇರೆ ಬೇಕಾ?" ಎಂದು ನಕ್ಕಳು. ಮರುದಿನ ಮಾತ್ರ ತಾನಾಗಿಯೇ ಬಂದು, ಆ ಕಾಲೇಜಿನಲ್ಲಿ ಹುಡುಗಿಯರಿಗೆ ಹಾಸ್ಟೆಲ್ ಉಂಟೇ ಎಂದು ಕೇಳಿದಳು.